ಬೆನ್ನ ಮೇಲಿನ ಕಪ್ಪು ವೃತ್ತಗಳು

ಎರಡು ಸಾವಿರದ ಇಸವಿ ಕಳೆದ ಮೇಲಿನ ವರ್ಷಗಳಲ್ಲಿ ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಖಾಸಗಿ ಬಸ್ಸೊಂದರ ಡ್ರೈವರಾಗಿದ್ದೆ. ಕಂಡಕ್ಟರು ಬೇಗೂರಿನವನು, ನನಗಿಂತ ಚಿಕ್ಕವನು. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ನನ್ನ ಹೆಂಡತಿ ಕೇಳದೆಯೇ ಅವನಿಗೆ ಎರಡನೇ ಮುದ್ದೆ ಇಡುತ್ತಿದ್ದಳು. ಅವನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ನಾನೇ. ಲೈಸೆನ್ಸ್ ಕೈಗೆ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ನನ್ನ ಕಾಲು ಮುಟ್ಟಿದ್ದ.

ರಸ್ತೆ ಆಗ ತೀರಾ ಕೆಟ್ಟಿತ್ತು. ಒಂದು ಬೇಸಿಗೆಯಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಸೀಟಿನಿಂದ ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತೇ ಹೆಜ್ಜೆ ಇಡಬೇಕು. ಹಿಂದಿನ ಡ್ರೈವರು ಸೊಂಟ ನೋವು ಎಂದಿದ್ದಕ್ಕೇ ಮಾಲೀಕರು ಅವನನ್ನು ಕೆಲಸದಿಂದ ಬಿಡಿಸಿದ್ದರು. ಹಾಗಾಗಿ ನಾನು ಬಾಯಿ ಬಿಡಲಿಲ್ಲ. ಕಂಡಕ್ಟರಿಗೆ ಮಾತ್ರ ಹೇಳಿದೆ.

"ನಗರದಲ್ಲಿ ಒಬ್ರು ಫಿಸಿಯೋಥೆರಪಿ ಮೇಡಂ ಅವ್ರೆ ಕಣಣ್ಣ. ನಮ್ಮತ್ತೆ ತೋಳು ಅಲ್ಲೇ ವಾಸಿ ಆಗಿದ್ದು. ಓಗನ ಬಾ" ಎಂದು ಅವನೇ ಕರೆದುಕೊಂಡು ಹೋದ.

ಮಧ್ಯಾಹ್ನ ನಮ್ಮ ಬಸ್ಸು ಚಾಮರಾಜನಗರದಲ್ಲಿ ನಿಲ್ಲುವ ಹೊತ್ತು ಚಿಕಿತ್ಸೆಗೆ ಸರಿಹೋಗುತ್ತಿತ್ತು. ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಕಾಲುಗಳನ್ನು ಎತ್ತಿಸಿ, ಒತ್ತಿಸಿ, ಪಾದ ತಳ್ಳಿಸಿ ನೋಡಿದರು. ಆಮೇಲೆ ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಸವರಿ, ಸಣ್ಣ ಪ್ಲಾಸ್ಟಿಕ್ ಬಟ್ಟಲುಗಳನ್ನು ಇಟ್ಟು, ಕೈಪಂಪಿನಿಂದ ಗಾಳಿ ಎಳೆದರು. ಚರ್ಮ ಬಟ್ಟಲೊಳಗೆ ಉಬ್ಬಿ ಬಂತು. ಯಾರೋ ಹತ್ತು ಬೆರಳಲ್ಲಿ ಬೆನ್ನನ್ನು ಚಿವುಟಿ ಹಿಡಿದು ಬಿಡದೇ ಇದ್ದಂತೆ.

"ಇದು ಬಿಗಿ ಸಡಿಲ ಮಾಡುತ್ತೆ ಅಷ್ಟೆ. ವಾಸಿ ಮಾಡೋದು ನೀವು ಮಾಡೋ ವ್ಯಾಯಾಮ" ಎಂದರು ಮೇಡಂ.

ಕಂಡಕ್ಟರು ನನ್ನ ಅಂಗಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದ. ಬಟ್ಟಲು ತೆಗೆದಾಗ ನೇರಳೆ ಹಣ್ಣಿನ ಬಣ್ಣದ ವೃತ್ತಗಳು ಮೂಡಿದ್ದನ್ನು ನೋಡಿ ನಕ್ಕ. "ಅಣ್ಣ, ಬೆನ್ನೆಲ್ಲಾ ದೋಸೆ ಉಯ್ದಂಗದೆ!"

"ಯಾರ್ಗೂ ಯೋಳ್ಬ್ಯಾಡ ಕಣ್ಲಾ" ಎಂದೆ.

"ಸುಮ್ಕಿರಣ್ಣ, ನನ್ ಬಾಯಿಂದ ಬತ್ತದಾ?"

ಕೆಲವು ವಾರ ಕಳೆಯಿತು. ನೋವು ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಗುಂಡ್ಲುಪೇಟೆಯ ಶೆಡ್ಡಿಗೆ ಹೋದರೆ ಮಾಲೀಕರು ಬಸ್ಸಿನ ಮುಂದೆ ನಿಂತಿದ್ದರು. "ಬೆನ್ನು ಎಂಗದಪ್ಪ?" ಎಂದರು.

"ಚೆನ್ನಾಗದೆ ಸಾವ್ಕಾರ್ರೆ."

"ಎಲ್ಲಿ, ಅಂಗಿ ಎತ್ತು ನೋಡನ."

ನಾನು ಕಂಡಕ್ಟರ ಕಡೆ ನೋಡಿದೆ. ಅವನು ಟೈರು ಒದ್ದು ಗಾಳಿ ನೋಡುತ್ತಿದ್ದ. ತಲೆ ಎತ್ತದೆ ಹೇಳಿದ: "ಎತ್ತಣ್ಣ. ಸಾವ್ಕಾರ್ರು ಕೇಳ್ತಾವ್ರಲ್ಲ."

ಎತ್ತಿದೆ. ಕ್ಲೀನರುಗಳು, ಟೀ ತಂದವನು, ಎಲ್ಲರೂ ಬಂದು ನೋಡಿದರು. ಇದು ಚಿಕಿತ್ಸೆಯ ಗುರುತು, ವಾರದಲ್ಲಿ ಮಾಯುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. "ಸುಟ್ಟಂಗದಲ್ಲಪ್ಪ! ಜನ ತುಂಬ್ಕೊಂಡು ಓಗೋ ಗಾಡಿ ಇದು. ಕೀ ಅವನ್ ಕೈಗ್ ಕೊಡು" ಎಂದರು ಮಾಲೀಕರು.

ಕಂಡಕ್ಟರು ಕೀ ಇಸಕೊಂಡ. ಡ್ರೈವರ್ ಸೀಟಿನ ಮೇಲೆ ಹಾಸಿದ್ದ ನನ್ನ ಟವೆಲ್ಲನ್ನು ಮಡಿಸಿ ತಂದು ಕೊಟ್ಟ. ಹೊಸ ಕಂಡಕ್ಟರು ಆಗಲೇ ಚೀಲ ತಗುಲಿಸಿಕೊಂಡು ಫುಟ್‌ಬೋರ್ಡಿನಲ್ಲಿ ನಿಂತಿದ್ದ. ಇದು ಇವತ್ತು ಬೆಳಿಗ್ಗೆ ಹುಟ್ಟಿದ ಮಾತಲ್ಲ ಎಂದು ಆಗ ಅರ್ಥವಾಯಿತು.

ಆ ವಾರವೇ ಅವನು ಮನೆಗೆ ಬಂದ. ಹೆಂಡತಿ ನೀರು ಕೂಡ ತರಲಿಲ್ಲ.

"ನಾನ್ ಯೋಳ್ದೇ ಇದ್ರೆ ಇನ್ಯಾರಾದ್ರೂ ಯೋಳೋರು ಕಣಣ್ಣ. ಒರಗಿನೋನು ಬಂದು ಕೂರೋದ್ಕಿಂತ ನಾನು ಕೂತ್ರೆ ವಾಸಿ ಅಲ್ವಾ? ನಿನ್ ಬೆನ್ನಿಗೇ ರೆಸ್ಟ್ ಸಿಕ್ತದೆ ಅಂತ."

"ಓಗು" ಎಂದೆ.

ಚಿಕಿತ್ಸೆ ಬಿಟ್ಟುಬಿಡೋಣವೆನಿಸಿತ್ತು. ಆ ವೃತ್ತಗಳನ್ನು ನೆನೆದರೇ ಶೆಡ್ಡಿನಲ್ಲಿ ಅಂಗಿ ಎತ್ತಿ ನಿಂತದ್ದು ಕಣ್ಣ ಮುಂದೆ ಬರುತ್ತಿತ್ತು. ಹೆಂಡತಿ ಬೈದು ಕಳಿಸಿದಳು. ಈ ಸಲ ಪ್ರಯಾಣಿಕನಾಗಿ, ಬೇರೆ ಬಸ್ಸಿನಲ್ಲಿ ಹೋದೆ. ನಡೆದದ್ದನ್ನು ಹೇಳಿದಾಗ ಮೇಡಂ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು.

"ನಿಮ್ಮ ಜೊತೆ ಬರ್ತಿದ್ದ ತಮ್ಮ ಮೊದಲನೇ ದಿನವೇ ನನ್ನ ಹೊರಗೆ ಕರೆದು ಕೇಳಿದ್ದರಲ್ಲ, ಇವರು ಬಸ್ ಓಡಿಸಿದರೆ ಅಪಾಯ ಇದೆಯಾ ಅಂತ. ಕಾಲಲ್ಲಿ ಶಕ್ತಿ ಚೆನ್ನಾಗಿದೆ, ಏನೂ ಅಪಾಯ ಇಲ್ಲ, ಓಡಿಸಲಿ ಅಂದಿದ್ದೆ."

ನಾನು ಬೋರಲು ಮಲಗಿದೆ. ಬಟ್ಟಲುಗಳು ಒಂದೊಂದಾಗಿ ಬೆನ್ನು ಹಿಡಿದವು. ಆ ದಿನ ನೋವು ತಿಳಿಯಲೇ ಇಲ್ಲ. ಭಯದಿಂದ ಹೇಳಿದ್ದರೆ ಕ್ಷಮಿಸಬಹುದಿತ್ತೇನೋ. ಅವನಿಗೆ ಗೊತ್ತಿತ್ತು.

ಮಳೆಗಾಲದ ಹೊತ್ತಿಗೆ ಬೆನ್ನು ಪೂರ್ತಿ ಸರಿಹೋಯಿತು. ಮಾಲೀಕರ ಬಳಿ ಮತ್ತೆ ಹೋಗಲಿಲ್ಲ. ತೆರಕಣಾಂಬಿ ಮಾರುಕಟ್ಟೆಯಿಂದ ತರಕಾರಿ ತುಂಬಿಕೊಂಡು ಗುಂಡ್ಲುಪೇಟೆ ಆಚೆಯ ಮದ್ದೂರು ಚೆಕ್‌ಪೋಸ್ಟಿನ ಮೇಲೆ ಕೇರಳಕ್ಕೆ ಹೋಗುವ ಟೆಂಪೋ ಓಡಿಸುವ ಕೆಲಸ ಹಿಡಿದೆ. ತೆರಕಣಾಂಬಿಯ ರಸ್ತೆಯಲ್ಲಿ ಆ ಬಸ್ಸು ಆಗಾಗ ಎದುರಾಗುತ್ತಿತ್ತು. ಅವನು ದೂರದಿಂದಲೇ ಲೈಟು ಮಿನುಗಿಸಿ ಕೈ ಎತ್ತುತ್ತಿದ್ದ. ನಾನು ಎರಡೂ ಕೈಯನ್ನು ಸ್ಟೇರಿಂಗ್ ಮೇಲೇ ಇಟ್ಟು, ಗಾಡಿಯನ್ನು ಎಡಕ್ಕೆ ಸರಿಸಿ, ಅವನಿಗೆ ದಾರಿ ಬಿಟ್ಟು ಹೋಗುತ್ತಿದ್ದೆ.