ಡ್ರೈವರಕ್ಕನ ಬಿಡಾರ

ಹೋದ ತಿಂಗಳು ನಮ್ಮ ವ್ಯಾನಿನ ಬ್ರೇಕು ತೋರಿಸಲು ನಮ್ಮ ಮೂಕಂಡಪಲ್ಲಿಯಲ್ಲೇ ಇರುವ ಗ್ಯಾರೇಜಿಗೆ ಹೋಗಿದ್ದೆವು. ಅಲ್ಲಿ ಯಾರದೋ ಹಳೆಯ ವ್ಯಾನೊಂದು ನಿಂತಿತ್ತು. ಮೆಕ್ಯಾನಿಕ್ ಅದರ ಹಿಂಬಾಗಿಲನ್ನು ಎಳೆದ ಕೂಡಲೇ ಒಳಗಿನ ವಾಸನೆ ಬಂದು ಮುಖಕ್ಕೆ ತಗುಲಿತು. ಡೀಸೆಲ್ಲು, ಬಿಸಿಲಿಗೆ ಕಾದ ರೆಕ್ಸಿನ್ನು, ಅದರೊಳಗೆ ಎಂದೋ ಕೊಟ್ಟ ಬೆಳ್ಳುಳ್ಳಿ ಒಗ್ಗರಣೆ... ನಾನು ನಿಂತಲ್ಲೇ ನಿಂತುಬಿಟ್ಟೆ. ಗಂಡ ತಿರುಗಿ ನೋಡಿದರು. ಅವರಿಗೂ ಗೊತ್ತಾಗಿತ್ತೆಂದು ಕಾಣುತ್ತದೆ. ಆ ವಾಸನೆಯ ವ್ಯಾನು ನಮಗೆ ಗೊತ್ತಿದ್ದದ್ದು ಒಂದೇ. ಅದನ್ನು ಓಡಿಸುತ್ತಿದ್ದವರು ನಮ್ಮ ಪಕ್ಕದ ಮನೆಯ ಡ್ರೈವರಕ್ಕ.

ಆ ಹೆಸರು ಬರುವುದಕ್ಕೆ ಮೊದಲು ಅವರು ಹೊಸೂರಿನ ವಾಚ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಮದುವೆಗೆ ಮುಂಚೆಯೇ ಸೇರಿದವರು. ಬೆಳಗಿನ ಶಿಫ್ಟಿದ್ದ ದಿನ ಅವರು ಬಸ್ಸಿಗೆ ಹೋಗುವ ಚಪ್ಪಲಿ ಸದ್ದಿಗೇ ನಮ್ಮ ಬೀದಿ ಏಳುತ್ತಿತ್ತು. ಅವರ ಯಜಮಾನರು ಲಾರಿ ಫ್ಯಾಕ್ಟರಿಯವರು. ಇಬ್ಬರೂ ರಿಟೈರ್ ಆದ ಮೇಲೆ ಯಜಮಾನರು ಹರಾಜಿನಲ್ಲಿ ಹಳೆಯದೊಂದು ಸ್ಕೂಲ್ ವ್ಯಾನನ್ನು ಹಿಡಿದು ತಂದರು. ಸೀಟುಗಳನ್ನು ಕಿತ್ತು ಮಂಚ ಹಾಕಿದರು, ಒಲೆಗೆ ಕಟ್ಟೆ ಮಾಡಿದರು, ಹಿಂದೆ ಒಂದು ಪುಟ್ಟ ಕಕ್ಕಸನ್ನೂ ಅದರ ಕೆಳಗೆ ಟ್ಯಾಂಕನ್ನೂ ಕೂರಿಸಿದರು. ಊರೂರು ಸುತ್ತಬೇಕೆಂಬುದು ಅವರ ಆಸೆ. ಆದರೆ ಕೆಲಸ ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಡಾಕ್ಟರು ಇನ್ನು ಸ್ಟೇರಿಂಗು ಮುಟ್ಟಬಾರದೆಂದರು.

ವ್ಯಾನು ಮಾರುತ್ತಾರೆಂದೇ ಬೀದಿಯವರೆಲ್ಲ ಅಂದುಕೊಂಡೆವು. ಮುಂದಿನ ಭಾನುವಾರ ನೋಡಿದರೆ ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗಿನ ಹಿಂದೆ ಕೂತಿದ್ದಾರೆ, ಪಕ್ಕದಲ್ಲಿ ಯಜಮಾನರು. ರಜೆಯ ದಿನ ಇಂಡಸ್ಟ್ರಿಯಲ್ ಎಸ್ಟೇಟಿನ ರಸ್ತೆಗಳು ಖಾಲಿ ಹೊಡೆಯುತ್ತವಲ್ಲ, ಅಲ್ಲಿ ಹೋಗಿ ಕಲಿತರು. ಕಲಿಯುವಾಗ ನಮ್ಮ ಕಾಂಪೌಂಡಿನ ಒಂದು ಮೂಲೆ ಹೋಯಿತು. "ಗೋಡೆ ನಾನೇ ಕಟ್ಟುಸ್ಕೊಡ್ತೀನಿ ಕಣಮ್ಮಿ, ಆದ್ರೆ ವ್ಯಾನು ಮಾತ್ರ ಬುಡಾಕಿಲ್ಲ," ಎಂದು ನಕ್ಕರು. ಮೊದಮೊದಲು ಗೇಲಿ ಮಾಡಲು ಇಟ್ಟ ಡ್ರೈವರಕ್ಕ ಎಂಬ ಹೆಸರು ಲೈಸೆನ್ಸು ಬಂದ ಮೇಲೆ ಮರ್ಯಾದೆಯ ಹೆಸರಾಯಿತು. ಅವರನ್ನು ನೋಡಿಯೇ ನಾವೂ ಒಂದು ಸಣ್ಣ ವ್ಯಾನು ಕೊಂಡದ್ದು.

ಬಾಗಲೂರು ದಾಟಿ ಕರ್ನಾಟಕದ ಗಡಿಯ ಕಡೆ ಹೋದರೆ ಒಂದು ಊರಿನ ಕೆರೆ. ಏರಿಯ ಕೆಳಗೆ ಹೊಂಗೆಯ ತೋಪು. ಚಳಿಗಾಲ ಬಂತೆಂದರೆ ನಮ್ಮಂಥ ರಿಟೈರ್ ಆದವರ ವ್ಯಾನುಗಳು ಅಲ್ಲಿಗೆ ಬಂದು ಬಿಡಾರ ಹೂಡುತ್ತಿದ್ದವು. ಬಾಡಿಗೆಯಿಲ್ಲ, ಬೇಲಿಯಿಲ್ಲ. ಊರಿನವರು ಬೇಡ ಅನ್ನುತ್ತಿರಲಿಲ್ಲ. ನಾವು ಅವರ ಅಂಗಡಿಯಲ್ಲಿ ಹಾಲು, ತರಕಾರಿ ಕೊಳ್ಳುತ್ತಿದ್ದೆವು. ಕೊಕ್ಕರೆಗಳು ನೀರಿಗಿಳಿಯುವ ಹೊತ್ತಿಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆವು. ತಮಿಳು, ತೆಲುಗು, ಕನ್ನಡ ಎಲ್ಲ ಕಲಸಿ ಮಾತಾಡುತ್ತಿದ್ದೆವು. ಡ್ರೈವರಕ್ಕ ಹುರುಳಿ ಬಸ್ಸಾರು ಮಾಡಿದ ದಿನ ಯಾರ ವ್ಯಾನಿನಲ್ಲೂ ಒಲೆ ಹಚ್ಚುತ್ತಿರಲಿಲ್ಲ...

ಆಮೇಲೆ ಎದುರು ದಡದಲ್ಲಿ ಕ್ಯಾರವಾನ್ ಪಾರ್ಕು ಬಂತು.

ಮಾಡಿದವನು ಹೊರಗಿನವನಲ್ಲ, ಅದೇ ಊರಿನ ರೈತರ ಮಗ. ಅಪ್ಪನ ಜಮೀನಿನಲ್ಲಿ ಕಲ್ಲುಹಾಸು ಹಾಕಿಸಿ, ಕರೆಂಟಿನ ಕಂಬ, ಬಿಸಿನೀರು, ಕಕ್ಕಸಿನ ಟ್ಯಾಂಕು ಖಾಲಿ ಮಾಡಲು ದೊಡ್ಡ ಗುಂಡಿ ಎಲ್ಲ ಮಾಡಿದ್ದ. ಊರಿನ ಹೆಂಗಸರಿಗೆ ಅಲ್ಲಿ ಅಡುಗೆಯ ಕೆಲಸ, ಗುಡಿಸುವ ಕೆಲಸ ಸಿಕ್ಕಿತ್ತು. ನನ್ನ ಗಂಡನಿಗೆ ಮಲಗುವಾಗ ಉಸಿರಾಟಕ್ಕೆ ಮೆಷಿನು ಬೇಕು, ಮೆಷಿನಿಗೆ ಕರೆಂಟು ಬೇಕು. ಹಾಗಾಗಿ ನಾವು ಪಾರ್ಕಿಗೆ ಹೋದೆವು. ಇನ್ನೂ ಕೆಲವರು ಬಂದರು. ಡ್ರೈವರಕ್ಕ ತೋಪಿನಲ್ಲೇ ಉಳಿದರು.

ಇಷ್ಟಕ್ಕೇ ನಮ್ಮ ಗುಂಪು ಎರಡಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಪಾರ್ಕಿನಲ್ಲಿದ್ದವರು ತೋಪಿನವರನ್ನು ಪುಕ್ಕಟೆಯವರು ಅಂದರು. ತೋಪಿನವರು ನಮ್ಮನ್ನು ಬೇಲಿಯೊಳಗಿನ ಕುರಿಗಳು ಅಂದರು. ಜೊತೆಯಲ್ಲಿ ಉಂಡವರು ಹಾಲಿನ ಅಂಗಡಿಯ ಮುಂದೆ ಸಿಕ್ಕರೆ ಮುಖ ತಿರುಗಿಸತೊಡಗಿದರು. ಡ್ರೈವರಕ್ಕ ಮಾತ್ರ ಸಾರಿನ ಡಬ್ಬಿ ಹಿಡಿದು ಏರಿಯ ಮೇಲೆ ನಡೆದು ಬಂದು ಪಾರ್ಕಿನ ಬೇಲಿಯಾಚೆ ನಿಂತು ನನ್ನನ್ನು ಕೂಗುತ್ತಿದ್ದರು. ಒಳಗೆ ಬನ್ನಿ ಅಕ್ಕ ಎಂದರೆ, "ಟಿಕೇಟು ತಗೊಳ್ದೆ ಒಳಕ್ಕೆ ಬರೋದು ತಪ್ಪು. ತಗೊಂಡು ಬರೋಕೆ ನಂಗೆ ಇಷ್ಟಿಲ್ಲ. ಇಲ್ಲೇ ಈಸ್ಕೋ," ಅನ್ನುತ್ತಿದ್ದರು. ಅದರಲ್ಲಿ ಕೊಂಕಿರಲಿಲ್ಲ.

ಆ ವರ್ಷ ಪಾರ್ಕಿನವನು ಪಂಚಾಯಿತಿಗೆ ದೂರು ಕೊಟ್ಟ. ತೋಪಿನಲ್ಲಿ ಬಿಡಾರ ಹೂಡುವುದನ್ನು ಪೂರ್ತಿ ನಿಲ್ಲಿಸಬೇಕು, ಅವರಿಂದ ಕೆರೆ ಹೊಲಸಾಗುತ್ತಿದೆ ಎಂಬುದು ಅವನ ವಾದ. ತೋಪಿನವರು ಕೆಂಡವಾದರು. ಅವರ ಪೈಕಿ ದೊಡ್ಡ ಆಫೀಸೊಂದರಲ್ಲಿ ಅಧಿಕಾರಿಯಾಗಿದ್ದವರೊಬ್ಬರು ಮುಂದಾಳು. ಇದು ಸರ್ಕಾರಿ ಜಾಗ, ಯಾರೂ ಎಬ್ಬಿಸುವಂತಿಲ್ಲ, ಕಸ ಹಾಕಿದವರು ಊರಿನವರೇ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಬೇಕು ಎಂದು ಅವರು ತೀರ್ಮಾನಿಸಿದರು.

ಸಭೆಯ ದಿನ ಬೆಳಿಗ್ಗೆ ಡ್ರೈವರಕ್ಕ ಒಬ್ಬರೇ ಗೋಣಿಚೀಲ ಹಿಡಿದು ತೋಪು ಸುತ್ತಿದರು. ನಾನು ವಾಕಿಂಗಿಗೆ ಹೋದವಳು ಅವರನ್ನು ನೋಡಿ ಜೊತೆಯಾದೆ. ಪ್ಲಾಸ್ಟಿಕ್ಕು, ಬಾಟಲಿ ಅಲ್ಲಲ್ಲಿ ಇದ್ದೇ ಇದ್ದವು. ಅದು ದೊಡ್ಡದಲ್ಲ. ತೋಪಿನ ಕೊನೆಯಲ್ಲಿ ಒಂದು ಕಾಲುವೆ ಹೋಗುತ್ತದೆ, ಕೆಳಗಿನ ಕೊತ್ತಂಬರಿ ತೋಟಕ್ಕೆ ನೀರುಣಿಸುವ ಕಾಲುವೆ. ಅದರ ಹತ್ತಿರ ಹೋಗುತ್ತಿದ್ದಂತೆ ಇಬ್ಬರೂ ಮೂಗು ಮುಚ್ಚಿಕೊಂಡೆವು. ಯಾರೋ ವ್ಯಾನಿನ ಕಕ್ಕಸಿನ ಟ್ಯಾಂಕನ್ನು ಅದರೊಳಗೇ ಖಾಲಿ ಮಾಡಿದ್ದರು. ಟೈರಿನ ಗುರುತು ಕಾಲುವೆಯ ಅಂಚಿನವರೆಗೂ ಬಂದು ತೋಪಿಗೇ ವಾಪಸ್ಸು ಹೋಗಿತ್ತು.

ಅಕ್ಕ ಗೋಣಿಚೀಲ ಕೆಳಗಿಟ್ಟರು. ಕೆಳಗೆ ತೋಟದಲ್ಲಿ ಒಬ್ಬ ಹೆಂಗಸು ಬಗ್ಗಿ ಕೊತ್ತಂಬರಿ ಕೀಳುತ್ತಿದ್ದಳು. ಅವಳು ತಲೆಯೆತ್ತಿ ನಮ್ಮನ್ನು ನೋಡಿದಳು, ಮತ್ತೆ ಕೆಲಸಕ್ಕೆ ಬಗ್ಗಿದಳು. ಅಷ್ಟೇ... ಅವಳು ಬೈದಿದ್ದರೇ ಚೆನ್ನಾಗಿತ್ತು.

ಸಭೆ ಪಂಚಾಯಿತಿ ಆಫೀಸಿನ ಅಂಗಳದಲ್ಲಿ ಸೇರಿತು. ಊರಿನವರು ಸಾಕಷ್ಟು ಜನ ಬಂದಿದ್ದರು, ಕೊತ್ತಂಬರಿ ತೋಟದ ಹೆಂಗಸೂ ಬಂದಿದ್ದಳು. ಪಾರ್ಕಿನವನು ಮೊದಲು ಎದ್ದು ನಿಂತ. "ನಾನು ಫ್ಯಾಕ್ಟ್ರಿ ಕೆಲ್ಸ ಬುಟ್ಟು ಇದಕ್ಕೆ ಕೈ ಹಾಕಿವ್ನಿ. ಲೈಸೆನ್ಸು, ಟ್ಯಾಕ್ಸು ಎಲ್ಲಾ ಕಟ್ತೀನಿ. ಇವ್ರು ಅದೇ ಕೆರೆ ನೋಡ್ಕೊಂಡು ಪುಕ್ಸಟ್ಟೆ ಕುಂತವ್ರೆ, ಹೊಲಸೂ ಮಾಡ್ತವ್ರೆ. ನಾನು ಬದುಕೋದು ಬ್ಯಾಡ್ವಾ?" ಎಂದ. ಅವನ ಮೇಲೆ ನನಗೆ ಕನಿಕರವೇ ಬಂತು.

ತೋಪಿನ ಮುಂದಾಳು ಕಾನೂನಿನ ಮಾತಾಡಿದರು. ಕೊನೆಗೆ, ಹೊಲಸಿಗೂ ನಮಗೂ ಸಂಬಂಧವಿಲ್ಲ, ಊರಿನವರೇ ಮಾಡಿರಬೇಕು ಎಂದರು. ಜನರ ನಡುವೆ ಗುಜುಗುಜು ಎದ್ದಿತು. ಆಗ ಡ್ರೈವರಕ್ಕ ಎದ್ದರು. ಫ್ಯಾಕ್ಟರಿಗೆ ಹೋಗುವಾಗ ಉಡುತ್ತಿದ್ದಂಥ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು.

"ನಮ್ಮೋರೇ ಕಣ್ರಪ್ಪಾ ಮಾಡಿರೋದು," ಎಂದರು. "ಬೆಳಿಗ್ಗೆ ನಾನೇ ಕಣ್ಣಾರೆ ನೋಡ್ಬುಟ್ಟು ಬಂದಿವ್ನಿ. ಇಷ್ಟು ವರ್ಸ ನೆರಳು ಕೊಟ್ಟೋರ ತೋಟಕ್ಕೆ ನಾವು ಹೊಲಸು ಬುಟ್ಟಿದೀವಿ. ಸುಳ್ಳು ಹೇಳಿ ಉಳ್ಕೊಳ್ಳೋ ಹಂಗಿದ್ರೆ ಆ ತೋಪು ನಂಗೆ ಬ್ಯಾಡ."

ಮುಂದಾಳು ಸಿಟ್ಟಿನಿಂದ ಕೂತ್ಕೊಳ್ಳಿ ಎಂದರು. ಅಕ್ಕ ಕೂರಲಿಲ್ಲ. ಪಾರ್ಕಿನವನ ಕಡೆ ತಿರುಗಿದರು.

"ನೀನು ಹೇಳಿದ್ದೂ ಅರ್ಧ ನಿಜ ಕಣಪ್ಪಾ. ನಿನ್ನ ಕರೆಂಟು, ನಿನ್ನ ನೀರು ಬೇಕಾದೋರು ನಿಂಗೆ ಕಾಸು ಕೊಡ್ಲಿ, ಅದು ನ್ಯಾಯ. ಆದ್ರೆ ಕೆರೆ ನಿಂದಲ್ಲ, ನಂದೂ ಅಲ್ಲ. ಕಾಸು ಕೊಟ್ಟೋರೇ ಕೆರೆ ನೋಡ್ಬೇಕು ಅಂದ್ರೆ ನಾನು ಒಪ್ಪಾಕಿಲ್ಲ. ಕಾಲುವೆ ನಾವು ಕಿಲೀನ್ ಮಾಡ್ತೀವಿ. ಇನ್ಮೇಲೆ ಟ್ಯಾಂಕು ನಿನ್ನ ಗುಂಡಿಗೇ ತಂದು ಖಾಲಿ ಮಾಡ್ತೀವಿ, ಅದಕ್ಕೆಷ್ಟೋ ಅಷ್ಟು ಕೊಡ್ತೀವಿ. ಆಮೇಲೆ ತೋಪಲ್ಲಿ ಇರೋದಾ ಹೋಗೋದಾ, ಅದನ್ನ ಆ ತಾಯಿ ಹೇಳ್ಲಿ," ಎಂದು ಕೊತ್ತಂಬರಿ ತೋಟದ ಹೆಂಗಸನ್ನು ತೋರಿಸಿದರು.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಸೆರಗು ಸರಿಸಿ, "ಮಾಡೋರು ಒಬ್ರು, ಬೈಸ್ಕೊಳ್ಳೋರು ಇನ್ನೊಬ್ರು. ಈ ಅಕ್ಕ ಇರೋಗಂಟ ಇರ್ಲಿ ಬುಡಿ. ಅವ್ರು ಹೇಳ್ದಂಗೆ ನಡ್ಕೊಂಡ್ರೆ ಸಾಕು," ಎಂದಳು. ಪಂಚಾಯಿತಿ ಅಧ್ಯಕ್ಷರು, ಅಮ್ಮ ಹೇಳುವುದರಲ್ಲಿ ನ್ಯಾಯವಿದೆ ಎಂದು ತಮಿಳಿನಲ್ಲಿ ಹೇಳಿ ಅದನ್ನೇ ತೀರ್ಮಾನ ಮಾಡಿದರು. ತೋಪು ಎಲ್ಲರಿಗೂ ಉಳಿಯಿತು. ಒಬ್ಬರೇ ಹೆಚ್ಚು ದಿನ ಬೇರು ಬಿಡಬಾರದು, ಕಸ ಹೊತ್ತುಕೊಂಡು ಹೋಗಬೇಕು, ಟ್ಯಾಂಕು ಪಾರ್ಕಿನಲ್ಲೇ ಖಾಲಿಯಾಗಬೇಕು.

ತೋಪಿನ ಮುಂದಾಳು ಅವತ್ತೇ ವ್ಯಾನು ಹೊರಡಿಸಿಕೊಂಡು ಹೋದರು, ಮತ್ತೆ ಬರಲಿಲ್ಲ. ಕೆಲವರು ಅಕ್ಕನ ಜತೆ ಮಾತು ಬಿಟ್ಟರು. ಅಕ್ಕ ಮಾರನೆಯ ದಿನ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಗುದ್ದಲಿ ಹಿಡಿದು ಕಾಲುವೆಗೆ ಇಳಿದರು. ಯಜಮಾನರು ದಡದಲ್ಲಿ ಕೂತು, ಕಣ್ಣು ಸರಿಯಾಗಿ ಕಾಣದಿದ್ದರೂ, ಅಕ್ಕ ಮೇಲೆ ಕೊಟ್ಟ ಬುಟ್ಟಿಯನ್ನು ಈಸಿಕೊಂಡು ತೋಡಿಟ್ಟ ಗುಂಡಿಗೆ ಸುರಿಯುತ್ತಿದ್ದರು. ಅದನ್ನು ನೋಡುತ್ತಾ ಪಾರ್ಕಿನೊಳಗೆ ಕೂತಿರಲು ಆಗಲಿಲ್ಲ. ನಾವೂ ಹೋದೆವು, ನಮ್ಮ ಹಿಂದೆ ಇನ್ನಿಬ್ಬರು. ಮಾತು ಬಿಟ್ಟವರಲ್ಲೂ ಕೆಲವರು ಬಂದರು. ಬೇಲಿಯ ಆಚೆಯವರು ಯಾರು, ಈಚೆಯವರು ಯಾರು ಎಂದು ಆ ಕೆಸರಿನಲ್ಲಿ ಗೊತ್ತಾಗುವಂತಿರಲಿಲ್ಲ. ಕಾಲುವೆ ತಿಳಿಯಾಗಿ ಹರಿಯುವ ತನಕ ಅಕ್ಕ ಮೇಲೆ ಬರಲಿಲ್ಲ.

ಆಮೇಲೆ ನಾನು ಕಂಡದ್ದನ್ನು ಈಗಲೂ ನೆನೆಸಿಕೊಂಡರೆ ಎದೆ ಉಬ್ಬುತ್ತದೆ. ಡ್ರೈವರಕ್ಕ ಸ್ನಾನ ಮಾಡಿ, ತಲೆ ಬಾಚಿ, ಹೂ ಮುಡಿದು ವ್ಯಾನು ಹೊರಡಿಸಿದರು. ಏರಿಯ ಮೇಲೆ ನಿಧಾನವಾಗಿ ಬಂದು ಪಾರ್ಕಿನ ಗೇಟಿನ ಮುಂದೆ ನಿಲ್ಲಿಸಿ ಹಾರನ್ ಹೊಡೆದರು. ಪಾರ್ಕಿನವನು ತಾನೇ ಓಡಿ ಬಂದು ಗೇಟು ತೆಗೆದ. ಅವರು ಹಿಂದಕ್ಕೆ ತಗೊಂಡು ಸರಿಯಾಗಿ ಗುಂಡಿಯ ಬಾಯಿಗೇ ವ್ಯಾನು ತಂದು ನಿಲ್ಲಿಸಿದ ರೀತಿಗೆ ಅಲ್ಲಿದ್ದ ಗಂಡಸರೆಲ್ಲ ಬೆರಗಾದರು. ಟ್ಯಾಂಕು ಖಾಲಿಯಾಯಿತು, ಕಾಸು ಕೊಟ್ಟರು. ಪಾರ್ಕಿನವನು ತಗ್ಗಿದ ದನಿಯಲ್ಲಿ, "ಅಕ್ಕಾ, ನೀವು ಇಲ್ಲೇ ಇದ್ಬುಡಿ. ನಿಮ್ಮ ಹತ್ರ ಕಾಸು ಈಸ್ಕೊಳಾಕಿಲ್ಲ. ಯಾವಾಗ್ ಬಂದ್ರೂ ಕೆರೆ ಕಡೆ ಜಾಗ ನಿಮ್ದೇ," ಎಂದ.

ಅಕ್ಕ ಅವನ ಭುಜ ತಟ್ಟಿದರು. "ನಿನ್ನ ಮನ್ಸು ದೊಡ್ಡದು ಕಣ್ಲಾ. ಆದ್ರೆ ನಂಗೆ ಪುಕ್ಸಟ್ಟೆ ಬ್ಯಾಡ," ಎಂದರು. ಪುಕ್ಕಟೆಯವರೆಂದು ಅವರನ್ನು ಹಂಗಿಸಿದವರೆಲ್ಲ ಅಲ್ಲೇ ನಿಂತಿದ್ದರು. ಅಕ್ಕ ಯಾರ ಮುಖವನ್ನೂ ನೋಡದೆ ವ್ಯಾನು ಹತ್ತಿ ತೋಪಿಗೆ ವಾಪಸ್ಸು ಹೋದರು. ನನ್ನ ಗಂಡ ಮೆಲ್ಲನೆ, "ನಮ್ಮ ಪಕ್ಕದ ಮನೆಯೋರು," ಎಂದು ಯಾರಿಗೋ ಹೇಳುತ್ತಿದ್ದರು.

ಅಲ್ಲಿಂದ ಮುಂದೆ ಕೆಲವು ಚಳಿಗಾಲ ಚೆನ್ನಾಗಿ ಕಳೆದವು. ಪಾರ್ಕು ತುಂಬಿದಾಗ ಅವನೇ ಜನರನ್ನು ತೋಪಿಗೆ ಕಳಿಸುತ್ತಿದ್ದ. ಅಕ್ಕ ಯಜಮಾನರನ್ನು ಕೂರಿಸಿಕೊಂಡು ಸಮುದ್ರದವರೆಗೂ ಹೋಗಿ ಬಂದರು. ದಾರಿಯುದ್ದಕ್ಕೂ ಏನೇನು ಕಾಣುತ್ತದೆಂದು ಅವರಿಗೆ ಹೇಳುತ್ತಾ ಓಡಿಸುತ್ತಿದ್ದರಂತೆ. ಆಮೇಲೊಂದು ವರ್ಷ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೂ ತಾವೇ ವ್ಯಾನು ಓಡಿಸಿಕೊಂಡು ಹೋದರು. ನಾನು ಪಕ್ಕದಲ್ಲಿ ಕೂತಿದ್ದೆ, ನನ್ನ ಗಂಡ ಹಿಂದೆ. ಬರುವಾಗ ಮಾತ್ರ ಕೀಲಿಯನ್ನು ನನ್ನ ಗಂಡನ ಕೈಗೆ ಕೊಟ್ಟು ಹಿಂದೆ ಹೋಗಿ ಮಲಗಿದರು... ಅದಾದ ಮೇಲೆ ಅವರು ಸ್ಟೇರಿಂಗು ಹಿಡಿಯಲಿಲ್ಲ. ಅವರು ಹೋದ ದಿನ ಪಾರ್ಕಿನವನು, ಕೊತ್ತಂಬರಿ ತೋಟದ ಹೆಂಗಸು ಇಬ್ಬರೂ ಒಂದೇ ಬೈಕಿನಲ್ಲಿ ಮೂಕಂಡಪಲ್ಲಿಗೆ ಬಂದಿದ್ದರು.

ಯಜಮಾನರು ಈಗ ಕೃಷ್ಣಗಿರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಮ್ಮಕ್ಕಳ ಗದ್ದಲದ ನಡುವೆ ಹಾಯಾಗಿದ್ದಾರೆ. ಕಣ್ಣು ಮಾತ್ರ ಪೂರ್ತಿ ಹೋಗಿದೆ. ವ್ಯಾನು ಮಾರಿ ವರ್ಷಗಳಾದವು. ಬ್ರೇಕು ರಿಪೇರಿಯಾದ ಮೇಲೆ ನಾವು ಕೆರೆಗೆ ಹೋಗಿ, ಅಲ್ಲಿಂದ ಅವರನ್ನು ನೋಡಲು ಹೋಗಿದ್ದೆವು. ಬಾಗಲೂರಿನ ಕಡೆಯಿಂದ ಬಂದೆವೆಂದು ಕೇಳಿದ ಕೂಡಲೇ ಮುಖ ಇತ್ತ ತಿರುಗಿಸಿದರು.

"ಕೆರೇಲಿ ನೀರೈತಾ?"

"ತುಂಬಿದೆ. ಕೋಡಿ ಹೋಗೋದೊಂದು ಬಾಕಿ," ಎಂದೆ.

"ತೋಪು?"

"ಹಂಗೇ ಇದೆ. ನಾಲ್ಕಾರು ವ್ಯಾನು ನಿಂತಿದ್ದವು. ಒಂದು ಕಸ ಇಲ್ಲ."

ಅವರ ಮುಖ ಅರಳಿತು. "ಇದ್ದಿದ್ರೆ ಇವತ್ತೇ ಹೊರಡೋಳು," ಎಂದರು. ಅವರ ಕೈ ಹಿಡಿದುಕೊಂಡು ಕೂತೆ.