ಮೂರು ಅಂದ್ರೆ ಮೂರು

ಹನೂರಿನ ಕಾಲೇಜಿನಲ್ಲಿ ನನ್ನ ಮೊಮ್ಮಗಳಿಗೆ ಕಂಪ್ಯೂಟರ್ ಕಲಿಸಿದ ಮೇಡಂ ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು, ಆಮೇಲೆ ಮೇಜೆಲ್ಲ ಅದನ್ನೇ ಹುಡುಕುತ್ತಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಏನು ಕೇಳಿದರೂ ಅವರು ನಗುತ್ತಿರಲಿಲ್ಲ.

ಲೊಕ್ಕನಹಳ್ಳಿ ಕಡೆ ಆನೆ ಬಂದರೆ ಎಲ್ಲರ ಫೋನಿಗೂ ಸುದ್ದಿ ಕಳಿಸುವ ಪ್ರೋಗ್ರಾಂ ಮಾಡಿದ್ದಳು ನಮ್ಮ ಹುಡುಗಿ. ಅದು ನಡುವೆ ನಿಂತುಹೋದರೆ ಪರೀಕ್ಷೆಯಲ್ಲಿ ಫೇಲು.

"ಅದೇನ್ ಮೇಡಂ, ಕಂಟೇನರ್ ಕಂಟೇನರ್ ಅಂತಾಳಲ್ಲ ಇವ್ಳು?" ಅಂದೆ.

"ನೀವು ಜೋಳದ ಹೊಲ ಹೆಂಗೆ ಕಾಯ್ತೀರಿ ತಾತ?"

"ಮರದ್ ಮೇಲೆ ಮೂರು ಅಟ್ಟಣೆ, ಮೂರು ಆಳು. ಮುದ್ದೆ, ನೀರು, ತಮಟೆ ಎಲ್ಲಾ ಅವರವರ ಬಟ್ಟೆ ಗಂಟ್ನಲ್ಲೇ ಇರ್ತದೆ. ಯಾವ ಅಟ್ಟಣೆ ಹತ್ತುದ್ರೂ ಕೆಲ್ಸ ಆಯ್ತದೆ. ಒಬ್ಬ ಮಲೀಕಂಡ್ರೆ ಇನ್ನೊಬ್ಬನ್ನ ಹತ್ತುಸ್ತೀನಿ."

"ಪ್ರೋಗ್ರಾಮಿಗೆ ಬೇಕಾದ್ದೆಲ್ಲ ಕಟ್ಟಿಟ್ಟ ಗಂಟೇ ಕಂಟೇನರ್. ಆಳು ಎಣಿಸಿ, ಒಬ್ಬ ಕಮ್ಮಿಯಾದ್ರೆ ಇನ್ನೊಬ್ಬನ್ನ ಹತ್ತಿಸೋ ನಿಮ್ ಕೆಲ್ಸಾನ ಇಲ್ಲಿ ಇನ್ನೊಂದು ಪ್ರೋಗ್ರಾಂ ಮಾಡ್ತದೆ. ಅಂಥ ಮೂರು ಗಂಟು ಯಾವಾಗ್ಲೂ ಓಡ್ತಿರ್ಬೇಕು. ಮೂರು ಅಂದ್ರೆ ಮೂರು!" ಎಂದು ಮೇಜನ್ನು ಮೂರು ಸಲ ತಟ್ಟಿದರು. ಆಮೇಲೆ ಹೋದಾಗಲೆಲ್ಲ ಅದೇ ಮಾತು, ಅದೇ ತಟ್ಟು.

ಪರೀಕ್ಷೆಯ ದಿನ ಮನೆಯವರನ್ನೂ ಕರೆದಿದ್ದರು. "ಒಂದು ಕಂಟೇನರ್ ಕೆಟ್ಟರೆ ಏನು ಗತಿ?" ಎಂದರು ಪರೀಕ್ಷಕರು.

ಮೇಡಂ ನನ್ನ ಕಡೆ ತಿರುಗಿದರು. "ತಾತ, ಒಂದನ್ನ ನೀವೇ ನಿಲ್ಸಿ."

"ಬ್ಯಾಡ ತಾತ!" ಎಂದಳು ಮೊಮ್ಮಗಳು.

ಮೇಡಂ ತೋರಿಸಿದ ಗುಂಡಿಯನ್ನು ಒತ್ತಿದೆ. ತೆರೆಯ ಮೇಲೆ ಕಂಟೇನರಿಗೊಂದರಂತೆ ಇದ್ದ ಮೂರು ಹಸಿರು ಚುಕ್ಕಿ ಎರಡಾದವು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಮೇಡಂ ಮಾತ್ರ ತೆರೆಯನ್ನು ನೋಡಲೇ ಇಲ್ಲ, ಪೆನ್ನು ಹುಡುಕುತ್ತಿದ್ದರು. ಅವರ ಕೈ ಜಡೆಗೆ ಹೋಗುವಷ್ಟರಲ್ಲಿ ಮೂರನೆಯ ಚುಕ್ಕಿ ತಾನೇ ಹಸಿರಾಯಿತು.

ಖುಷಿ ತಡೆಯಲಾರದೆ ಮೇಜು ತಟ್ಟಿದವನು ನಾನು. ಮೂರು ಸಲ.