ತೊಗರಿ ಹೂವಿನ ಕಾಲದಲ್ಲಿ ಹೇಳಿದ ಸುಳ್ಳು

ಪ್ರಾಜೆಕ್ಟ್ ಮುಚ್ಚುತ್ತದೆಂದು ನನಗೆ ಗೊತ್ತಿತ್ತು, ಸುಜಾತಾ. ನೀನು ಬಂದು ಕೇಳುವ ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಆಮೇಲೆ ಇಷ್ಟು ವರ್ಷ, ನೀನು ಕೊಟ್ಟ ಗೌರವವನ್ನು ನಾಚಿಕೆಯಿಲ್ಲದೆ ತೆಗೆದುಕೊಳ್ಳುತ್ತಾ ಬಂದೆ.

ತೆಲುಗು ಸೀಮೆಯ ಗಡಿಯಲ್ಲಿ, ನಾರಾಯಣಖೇಡದ ಹತ್ತಿರ ಟ್ರಸ್ಟೊಂದು ನಡೆಸುತ್ತಿದ್ದ ಸಣ್ಣ ತೊಗರಿ ಸಂಶೋಧನಾ ಕೇಂದ್ರ ನಮ್ಮದು. ನಾನು ಅಲ್ಲಿಯ ಹಿರಿಯ ವಿಜ್ಞಾನಿ; ನೀನು ಕಲ್ಹೇರಿನಿಂದ ಬಂದ, ವರ್ಷ ವರ್ಷಕ್ಕೆ ಗುತ್ತಿಗೆ ಮುಂದುವರಿಸಿಕೊಳ್ಳಬೇಕಾದ ಹುಡುಗಿ. ನಿಮ್ಮ ಮನೆತನದಲ್ಲಿ ಪಿಎಚ್‌ಡಿ ಮಾಡಿದ ಮೊದಲನೆಯವಳು ನೀನೇ. ಅದನ್ನು ನಾನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ, ನಾನೇ ಓದಿಸಿದವಳ ಹಾಗೆ!

ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗ ತಡೆಯುವ ತಳಿಗಾಗಿ ನಾವು ಕೈಯಿಂದ ಹೂವಿಗೆ ಹೂವು ಕೂಡಿಸುತ್ತಿದ್ದೆವು. ಮೊಗ್ಗು ಅರಳುವ ಮೊದಲೇ ಬಿಡಿಸಿ, ಒಳಗಿನ ಕೇಸರಗಳನ್ನು ಚಿಮಟದಿಂದ ತೆಗೆದು, ಬೇರೆ ಗಿಡದ ಪರಾಗ ಮುಟ್ಟಿಸಿ ದಾರ ಕಟ್ಟಬೇಕು. ಕೈ ಸ್ವಲ್ಪ ಒರಟಾದರೂ ಹೂವು ಉದುರುತ್ತದೆ. ನೀನು ಮುಟ್ಟಿದ್ದು ಕಾಯಿ ಕಟ್ಟುತ್ತಿತ್ತು. ನನ್ನ ಕೈ ಆಗಲೇ ನಡುಗಲು ಶುರುವಾಗಿತ್ತು — ಅದನ್ನು ಯಾರಿಗೂ ಹೇಳಿರಲಿಲ್ಲ.

ಹೂವು ಕಿಕ್ಕಿರಿದಿದ್ದ ಆ ವಾರವೇ ಮುಖ್ಯ ಕಚೇರಿಯಿಂದ ಫೋನ್ ಬಂತು. ಕೊಯ್ಲಾದ ಮೇಲೆ ಪ್ರಾಜೆಕ್ಟ್ ಬಂದ್. ಹುಡುಗರಿಗೆ ಯಾವಾಗ ಹೇಳುವುದೋ ನಿಮಗೆ ಬಿಟ್ಟದ್ದು, ಎಂದರು. ಹೌದು, ನನಗೆ ಬಿಟ್ಟದ್ದು. ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ.

ಮರುದಿನ ನೀನು ಬಂದೆ. ತಾಂಡೂರಿನ ಕಾಲೇಜಿನಲ್ಲಿ ಖಾಯಂ ನೌಕರಿ ಸಿಕ್ಕಿದೆ, ಕೂಡಲೇ ಸೇರಬೇಕಂತೆ, ಹೋಗಲೋ ಬೇಡವೋ ಎಂದು ತೆಲುಗಿನಲ್ಲಿ ಕೇಳಿದೆ. ಕೇಂದ್ರದಲ್ಲಿ ನಾವು ಮಾತಾಡುತ್ತಿದ್ದುದೇ ತೆಲುಗು, ಇಲ್ಲವೇ ಇಂಗ್ಲಿಷ್. ಆದರೆ ಅವತ್ತು ನಾನು — ಇದನ್ನು ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ — ನಾನು ಮನೆ ಮಾತಿಗೆ ಇಳಿದೆ. ರಾಯಿಕೋಡಿನ ನಮ್ಮವ್ವನ ಮಾತು, ನಿಮ್ಮ ಮನೆಯಲ್ಲೂ ಆಡುವ ಅದೇ ಕನ್ನಡ. ನಿನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ:

"ಹೂವಿನ ಟೈಮಿನಾಗ ಬಿಟ್ಟು ಹೋಗ್ತಿ ಏನವ್ವಾ? ಪ್ರಾಜೆಕ್ಟ್ ಇನ್ನಾ ಮಸ್ತ್ ದಿನ ನಡೀತದ. ನಾ ಅದೀನಲ್ಲ, ನೀ ಯಾಕ ಫಿಕರ್ ಮಾಡ್ತಿ?"

ನೀನು ಒಂದು ಕ್ಷಣವೂ ಯೋಚಿಸಲಿಲ್ಲ. "ನೀವು ಅಂದ್ರ ಮುಗೀತ್ರಿ ಮೇಡಂ," ಎಂದು ಚಿಮಟ ಹಿಡಿದು ಹೊಲಕ್ಕೆ ನಡೆದೆ.

ಆ ಸುಳ್ಳನ್ನು ತೆಲುಗಿನಲ್ಲಿ ಹೇಳಿದ್ದರೆ ನೀನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ನನಗೆ ಅದು ಗೊತ್ತಿತ್ತು. ಅದಕ್ಕೇ...

ಕಾಯಿ ಒಣಗಿದವು, ಕೊಯ್ಲಾಯಿತು. ಬೀಜ ಪೊಟ್ಟಣಗಳಿಗೆ ಸೇರಿದ ದಿನ ನಿನ್ನನ್ನು ಕೂರಿಸಿಕೊಂಡು, ನನಗೂ ಈಗ ತಾನೇ ತಿಳಿಯಿತೆಂದು ಮುಖ ಸಪ್ಪಗೆ ಮಾಡಿಕೊಂಡೆ. ನೀನು ಅಳಲಿಲ್ಲ. ನನಗೇ ಸಮಾಧಾನ ಹೇಳಿದೆ — "ನೀವು ಮನಸಿಗಿ ಹಚ್ಕೋಬ್ಯಾಡ್ರಿ." ಅಷ್ಟರಲ್ಲಿ ತಾಂಡೂರಿನ ಜಾಗಕ್ಕೆ ಬೇರೊಬ್ಬರು ಬಂದು ಕೂತಿದ್ದರು.

ಮುಂದಿನದನ್ನು ಹೇಳುವಾಗ ನನ್ನ ಮೇಲೇ ಸಿಟ್ಟು ಬರುತ್ತದೆ. ನಿನಗೆ ನಿದ್ದೆ ಬರದಾಯಿತು, ಮಾತು ನಿಂತುಹೋಯಿತು. ನಿಮ್ಮಪ್ಪ ಫೋನ್ ಮಾಡಿ, "ಹುಡುಗಿ ಊಟನೂ ಮಾಡವಲ್ದ್ರಿ ಮೇಡಂ. ನಿಮ್ಮ ಮಾತು ಕೇಳ್ತಾಳ, ನೀವೇ ಒಂದೀಟು ತಿಳಿಸಿ ಹೇಳ್ರಿ," ಎಂದು ಬೇಡಿಕೊಂಡರು. ನಾನು ತಿಳಿಸಿ ಹೇಳಿದೆ. ಬೆಳಗ್ಗೆ ಬೇಗ ಏಳು, ಧ್ಯಾನ ಮಾಡು ಎಂದೆ! ನೌಕರಿ ತಪ್ಪಿಸಿದವಳೇ ನೆಮ್ಮದಿಯ ಪಾಠ ಹೇಳಿದೆ.

ಯಾತಕ್ಕಾಗಿ ಮಾಡಿದೆ? ವಿಜ್ಞಾನಕ್ಕಾಗಿ ಅನ್ನಲೇ? ಥೂ. ನೀನು ಕಷ್ಟಪಟ್ಟು ಕಟ್ಟಿದ ಬೀಜಗಳನ್ನು ಆಮೇಲೆ ಯಾರೂ ಬಿತ್ತಲಿಲ್ಲ. ಅವು ಕೋಲ್ಡ್ ಸ್ಟೋರೇಜಿನಲ್ಲಿ ಹಾಗೆಯೇ ಬಿದ್ದಿವೆ. ಆ ವರ್ಷದ ಫಲಿತಾಂಶ ತೋರಿಸಿ ನಾನು ಮಾತ್ರ ಬಡ್ತಿ ಪಡೆದೆ.

ಹೋದ ವಾರ ಟ್ರಸ್ಟಿನವರು ಎಲ್ಲ ಕೇಂದ್ರಗಳ ಕಿರಿಯ ವಿಜ್ಞಾನಿಗಳನ್ನು ಕರೆಸಿ, ಅನಿಶ್ಚಿತ ಕಾಲದಲ್ಲಿ ವೃತ್ತಿ ಮತ್ತು ನೆಮ್ಮದಿ ಎಂಬ ವಿಷಯದ ಮೇಲೆ ಭಾಷಣ ಇಟ್ಟುಕೊಂಡರು. ಮಾತಾಡಲು ಯಾರನ್ನು ಕರೆದರು ಹೇಳು? ನನ್ನನ್ನೇ. ದೀರ್ಘವಾಗಿ ಉಸಿರೆಳೆದುಕೊಳ್ಳುವುದು ಹೇಗೆಂದು ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದೆ. ಒಬ್ಬ ಹುಡುಗಿ ಎದ್ದು ಕೇಳಿದಳು: ಪ್ರಾಜೆಕ್ಟ್ ನಿಲ್ಲುತ್ತದೆಂದು ನಿಮಗೆ ಮೊದಲೇ ಗೊತ್ತಾದರೆ ನಮಗೆ ಹೇಳುತ್ತೀರಾ, ಮೇಡಂ?

ಖಂಡಿತ ಹೇಳುತ್ತೇವೆ ಎಂದೆ. ಚಪ್ಪಾಳೆ ಬಿತ್ತು. ನಾನು ಮುಂದಿನ ಚಿತ್ರಕ್ಕೆ ಹೋದೆ. ಆ ಮಕ್ಕಳಿಗೆ ಬೇಕಿದ್ದದ್ದು ಚಿತ್ರವಲ್ಲ, ಒಂದು ನಿಜ ಮಾತು. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕೊಡುತ್ತೇವೆ — ಚಹಾ, ಬಿಸ್ಕತ್ತು, ಪ್ರಮಾಣಪತ್ರ.

ನೀನು ಈಗ ಜಹೀರಾಬಾದಿನಲ್ಲಿ ಟ್ಯೂಷನ್ ಹೇಳುತ್ತೀ. ಯಾರೋ ನನ್ನ ಹೆಸರೆತ್ತಿದರೆ, ಮೇಡಂಗೆ ಗೊತ್ತಿದ್ದರೆ ನನ್ನನ್ನು ಹೀಗೆ ಬಿಡುತ್ತಿರಲಿಲ್ಲ ಎಂದು ಇವತ್ತಿಗೂ ನನ್ನ ಪರವಾಗಿ ಜಗಳಾಡುತ್ತೀಯಂತೆ. ಇನ್ನು ಜಗಳಾಡಬೇಡ.

ಈ ಭಾನುವಾರ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನಿನ್ನ ಬಾಗಿಲ ಹೊರಗೆ ನಿಂತೇ ಹೇಳುತ್ತೇನೆ, ಮನೆ ಮಾತಿನಲ್ಲೇ. ಕ್ಷಮಿಸು ಎಂದು ಕೇಳುವುದಿಲ್ಲ. ತಾಂಡೂರಿಗೆ ಹೋಗುವುದೋ ಬಿಡುವುದೋ ನಿನ್ನ ತೀರ್ಮಾನವಾಗಬೇಕಿತ್ತು, ಅದನ್ನು ನಾನು ಕಸಿದುಕೊಂಡೆ. ನನ್ನನ್ನು ಒಳಗೆ ಕರೆಯುವುದೋ, ಮುಖದ ಮೇಲೆ ಬಾಗಿಲು ಹಾಕುವುದೋ — ಅದನ್ನಾದರೂ ಎಲ್ಲ ಗೊತ್ತಿದ್ದು ನೀನೇ ತೀರ್ಮಾನಿಸು.